ಓಪನ್‌ಶಾಟ್ ಒಳಗೊಂದು ಕನ್ನಡ ಪಾಠ: 'ಮುಂದೆ' ಬಟನ್ ತೆಗೆದು ಕಟ್ಟಿದ್ದು

ವಿಡಿಯೋ ಎಡಿಟಿಂಗ್ ಕಲಿಸುವ ಪಾಠ ಸಾಫ್ಟ್‌ವೇರ್ ಒಳಗೇ ಇರಬೇಕು. ಕಲಿಯುವವರ ಕೈ ಕೆಲಸ ಮಾಡುವವರೆಗೂ ಅದು ಮುಂದಕ್ಕೆ ಹೋಗಬಾರದು. ಇಷ್ಟನ್ನೇ ಇಟ್ಟುಕೊಂಡು ಓಪನ್‌ಶಾಟ್ ಅನ್ನೋ ವಿಡಿಯೋ ಎಡಿಟರ್‌ನಲ್ಲಿ ಮೊದಲೇ ಇರುವ ಟ್ಯುಟೋರಿಯಲ್ ಬಿಚ್ಚಿ, ಕನ್ನಡದಲ್ಲಿ ಬೇರೆ ಥರ ಕಟ್ಟಿದ್ದೇನೆ. ಈಗ ಅದು ಮಂಡ್ಯದಲ್ಲಿ ಎರಡು ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಓಡುತ್ತಿದೆ. ಯಾವ ಭಾಗ ಸುಲಭವಾಯಿತು, ಯಾವುದು ಸತಾಯಿಸಿತು, ಯಾಕೆ ಹೀಗೇ ಮಾಡಿದೆ ಅನ್ನೋದನ್ನ ಇಲ್ಲಿ ಬರೆದಿಡುತ್ತಿದ್ದೇನೆ. ಇದೇ ಕೆಲಸಕ್ಕೆ ಬೇರೆ ಯಾರಾದರೂ ಕೈ ಹಾಕಿದರೆ ನನ್ನಷ್ಟು ಹುಡುಕಾಡುವುದು ಬೇಡ.

ಯಾರಿಗಾಗಿ ಅಂದರೆ, ನಮ್ಮ ಅತ್ತಿಗೆ ಮತ್ತು ಅವರ ಮಹಿಳಾ ಸಂಘದವರಿಗೆ. ಮಂಡ್ಯದಲ್ಲಿ ಅವರೆಲ್ಲ ಸೇರಿ ಹಪ್ಪಳ, ಚಟ್ನಿಪುಡಿ, ಬೆಲ್ಲ ಮಾಡಿ ಮಾರುತ್ತಾರೆ. ಮಾಡುವ ರೀತಿಯನ್ನ ಫೋನಲ್ಲಿ ಚೆನ್ನಾಗಿಯೇ ಶೂಟ್ ಮಾಡುತ್ತಾರೆ. ಆದರೆ ಕತ್ತರಿಸಿ ಜೋಡಿಸೋಕೆ ಮಾತ್ರ ಸ್ಟುಡಿಯೋದವರ ಹತ್ತಿರ ಹೋಗಬೇಕು, ದುಡ್ಡು ಕೊಡಬೇಕು, ಕಾಯಬೇಕು. ನಾನು ಮೈಸೂರಿನಲ್ಲಿರುವುದು. ಪ್ರತಿ ಸಲ ರೈಲು ಹತ್ತಿ ಹೋಗಿ ಪಕ್ಕ ಕೂತು ಹೇಳಿಕೊಡೋಕೆ ಆಗಲ್ಲ. ಫೋನಲ್ಲಿ 'ಎಡಗಡೆ ಮೇಲೆ ಒಂದು ಪ್ಲಸ್ ಇದೆ ನೋಡಿ ಅತ್ತಿಗೆ' ಅಂತ ಹೇಳಿ ಎಡಿಟಿಂಗ್ ಕಲಿಸೋಕೂ ಆಗಲ್ಲ.

ಮೊದಲು ಏನಿತ್ತು

ಓಪನ್‌ಶಾಟ್ ಆರಿಸಿಕೊಂಡಿದ್ದಕ್ಕೆ ಕಾರಣ ಮೂರು. ಅದು ಉಚಿತ. ಜಿಪಿಎಲ್ 3ನೇ ಆವೃತ್ತಿಯ ಲೈಸೆನ್ಸ್ ಇರುವುದರಿಂದ ಬಿಚ್ಚಿ ಬದಲಾಯಿಸಬಹುದು. ಮತ್ತೆ, ಕಣ್ಣಿಗೆ ಕಾಣುವ ಭಾಗವೆಲ್ಲ ಪೈಥಾನ್ ಭಾಷೆಯಲ್ಲಿದೆ, ಕಿಟಕಿ ಬಟನ್‌ಗಳು ಪೈಕ್ಯೂಟಿಯಲ್ಲಿವೆ, ಅಂದರೆ ಕಿಟಕಿ ಕಟ್ಟುವ ಕ್ಯೂಟಿ ಲೈಬ್ರರಿಯನ್ನು ಪೈಥಾನ್‌ನಿಂದ ಬಳಸುವ ದಾರಿ. ವಿಡಿಯೋ ಸಂಸ್ಕರಿಸುವ ಭಾರದ ಕೆಲಸ ಲಿಬ್‌ಓಪನ್‌ಶಾಟ್ ಅನ್ನೋ ಸಿ ಪ್ಲಸ್ ಪ್ಲಸ್ ಲೈಬ್ರರಿಯದು. ಅದನ್ನ ಮುಟ್ಟುವ ಅಗತ್ಯವೇ ಬರಲಿಲ್ಲ. ಜೊನಾಥನ್ ಥಾಮಸ್ 2008ರಲ್ಲಿ ಶುರು ಮಾಡಿದ ಪ್ರಾಜೆಕ್ಟ್ ಇದು, ಇವತ್ತಿಗೂ ಬೆಳೆಯುತ್ತಲೇ ಇದೆ.

ಇದರಲ್ಲಿ ಮೊದಲ ಸಲ ತೆರೆದಾಗಲೇ ಒಂದು ಟ್ಯುಟೋರಿಯಲ್ ಬರುತ್ತದೆ. ಸಣ್ಣ ಪೆಟ್ಟಿಗೆ, ಅದಕ್ಕೊಂದು ಬಾಣ. ಫೈಲ್‌ಗಳು ಇಲ್ಲಿ, ಟೈಮ್‌ಲೈನ್ (ಕ್ಲಿಪ್‌ಗಳನ್ನ ಸಾಲಾಗಿ ಜೋಡಿಸುವ ಜಾಗ) ಇಲ್ಲಿ, ಪ್ರಿವ್ಯೂ ಇಲ್ಲಿ, ಪ್ರಾಪರ್ಟೀಸ್, ಟ್ರಾನ್ಸಿಷನ್, ಎಫೆಕ್ಟ್, ಕೊನೆಗೆ ಎಕ್ಸ್‌ಪೋರ್ಟ್ ಬಟನ್. ಒಂದೊಂದಕ್ಕೂ ಎರಡು ಮೂರು ಸಾಲು ವಿವರಣೆ, ಕೆಳಗೆ ನೆಕ್ಸ್ಟ್. ಕೋಡ್ ನೋಡಿದರೆ ತುಂಬಾ ಅಚ್ಚುಕಟ್ಟಾಗಿದೆ. ಒಂದೇ ಪೈಥಾನ್ ಫೈಲ್, ಅದರಲ್ಲೊಂದು ಪಟ್ಟಿ. ಪಟ್ಟಿಯ ಪ್ರತಿ ಸಾಲಿನಲ್ಲಿ ಹೆಜ್ಜೆಯ ಸಂಖ್ಯೆ, ಯಾವ ಭಾಗದ ಪಕ್ಕ ಪೆಟ್ಟಿಗೆ ಕೂರಬೇಕು ಅನ್ನೋದು, ಬರಹ, ಬಾಣ ಬೇಕೋ ಬೇಡವೋ. ನೋಡಿ ಮುಗಿಸಿದ ಹೆಜ್ಜೆಗಳ ಸಂಖ್ಯೆ ಸೆಟ್ಟಿಂಗ್ಸ್ ಫೈಲ್‌ಗೆ ಹೋಗುತ್ತದೆ, ಮತ್ತೆ ಬೇಕಾದರೆ ಹೆಲ್ಪ್ ಮೆನುವಿನಿಂದ ಕರೆಯಬಹುದು.

ಯಾವುದು ಎಲ್ಲಿದೆ ಅಂತ ತೋರಿಸೋಕೆ ಇದು ಸಾಕು. ಕಲಿಸೋಕೆ ಸಾಲದು. ಅತ್ತಿಗೆಗೆ ಇದನ್ನೇ ಕೊಟ್ಟು ಪಕ್ಕದಲ್ಲಿ ಕೂತಿದ್ದೆ. ಅರ್ಧ ನಿಮಿಷದಲ್ಲಿ ಮುಗಿಯಿತು. 'ಅದೇನೇನೋ ಹೇಳ್ತಾ ಇತ್ತಪ್ಪ, ನಾನು ಮುಂದೆ ಮುಂದೆ ಅಂತ ಒತ್ಕೊಂಡು ಬಂದೆ. ಈಗ ಏನ್ ಮಾಡ್ಬೇಕು?' ಅಂತ ಕೇಳಿದರು. ಅವರ ತಪ್ಪು ಏನೂ ಇಲ್ಲ. ಪೆಟ್ಟಿಗೆ ಅವರಿಂದ ಕೇಳಿದ್ದು ಒಂದೇ ಕೆಲಸ, ನೆಕ್ಸ್ಟ್ ಒತ್ತುವುದು. ಅವರು ಅದನ್ನ ಸರಿಯಾಗಿ ಮಾಡಿದರು.

ಬೇರೆಯವರು ಇದನ್ನ ಹೇಗೆ ಮಾಡಿದ್ದಾರೆ ಅಂತಲೂ ನೋಡಿದೆ. ಅಡೋಬಿ ಪ್ರೀಮಿಯರ್ ಎಲಿಮೆಂಟ್ಸ್‌ನಲ್ಲಿ ಗೈಡೆಡ್ ಎಡಿಟ್ಸ್ ಅಂತ ಇದೆ. ಅಲ್ಲಿ ನಮ್ಮದೇ ವಿಡಿಯೋ ಮೇಲೆ ಒಂದೊಂದೇ ಹೆಜ್ಜೆ ಹಾಕಿಸುತ್ತದೆ, ಆ ವಿಚಾರ ನನಗೆ ಬಹಳ ಹಿಡಿಸಿತು. ಪ್ರೀಮಿಯರ್ ಪ್ರೋ ಕೂಡ ಸಾಫ್ಟ್‌ವೇರ್ ಒಳಗೇ ಪಾಠ ಕೊಡುತ್ತಾ ಬಂದಿದೆ. ಆದರೆ ಇವೆಲ್ಲ ದುಡ್ಡು ಕೊಟ್ಟು ಕೊಳ್ಳುವಂಥವು, ಮೇಲಾಗಿ ನಮ್ಮ ಹಳೇ ಲ್ಯಾಪ್‌ಟಾಪ್ ಹೊರುವ ಭಾರ ಅಲ್ಲ.

ಅಭ್ಯಾಸದ ವಿಡಿಯೋ: ಆಲೆಮನೆ

ಕೋಡ್‌ಗಿಂತ ಮುಂಚೆ ಇದನ್ನ ಹೇಳಬೇಕು. ಇಡೀ ಕೆಲಸದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ತೀರ್ಮಾನ ಇದೇ.

ಸಾಮಾನ್ಯವಾಗಿ ಇಂಥ ಪಾಠಗಳ ಜೊತೆ ಬರುವ ಸ್ಯಾಂಪಲ್ ವಿಡಿಯೋಗಳು ಸಮುದ್ರ, ಬೆಟ್ಟ, ಕಾಫಿ ಕುಡಿಯುವವರು, ಹೀಗಿರುತ್ತವೆ. ನೋಡೋಕೆ ಚೆಂದ. ಆದರೆ ಯಾವ ಕ್ಲಿಪ್ ಮೊದಲು ಬರಬೇಕು ಯಾವುದು ಆಮೇಲೆ ಅಂತ ಅವು ಹೇಳುವುದಿಲ್ಲ. ಸಮುದ್ರ ಮೊದಲು ಬಂದರೂ ಸರಿ, ಬೆಟ್ಟ ಮೊದಲು ಬಂದರೂ ಸರಿ. ಹಾಗಿದ್ದಾಗ ಹೊಸಬರಿಗೆ ತಾನು ಜೋಡಿಸಿದ್ದು ಸರಿಯೋ ತಪ್ಪೋ ಗೊತ್ತಾಗುವುದು ಹೇಗೆ?

ಮಂಡ್ಯದವರಿಗೆ ಬೆಲ್ಲ ಹೇಗಾಗುತ್ತದೆ ಅಂತ ಹೇಳಿಕೊಡಬೇಕಾ? ಪಾಂಡವಪುರದ ಕಡೆ ಒಂದು ಆಲೆಮನೆಗೆ ಹೋಗಿ, ಯಜಮಾನರನ್ನು ಕೇಳಿಕೊಂಡು ಐದು ಕ್ಲಿಪ್ ಶೂಟ್ ಮಾಡಿಕೊಂಡು ಬಂದೆ. ಕಬ್ಬಿನ ಹೊರೆ ಇಳಿಸುವುದು. ಗಾಣಕ್ಕೆ ಕಬ್ಬು ಕೊಡುವುದು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವುದು. ಪಾಕವನ್ನು ಅಚ್ಚಿಗೆ ಹುಯ್ಯುವುದು. ಅಚ್ಚಿನಿಂದ ಬೆಲ್ಲ ತೆಗೆದು ಜೋಡಿಸುವುದು. ಒಂದೊಂದೂ 10ರಿಂದ 20 ಸೆಕೆಂಡ್. ಈ ಐದರ ಕ್ರಮ ಅಲ್ಲಿನ ಚಿಕ್ಕ ಮಗುವಿಗೂ ಗೊತ್ತು. ಹಾಗಾಗಿ ಟೈಮ್‌ಲೈನ್‌ನಲ್ಲಿ ಹಿಂದೆಮುಂದೆ ಆದರೆ ಪಾಠ ಬಾಯಿ ಬಿಡುವ ಮೊದಲೇ ನೋಡುವವರಿಗೆ ಗೊತ್ತಾಗುತ್ತದೆ.

ಪ್ರತಿ ಕ್ಲಿಪ್‌ನಲ್ಲೂ ಬೇಕೆಂದೇ ಒಂದೊಂದು ಕೆಲಸ ಉಳಿಸಿದ್ದೇನೆ. ಕೊಪ್ಪರಿಗೆ ಕ್ಲಿಪ್‌ನ ಮೊದಲ 4 ಸೆಕೆಂಡ್ ಬರೀ ನೆಲ ಕಾಣುತ್ತದೆ, ಅದನ್ನ ಕತ್ತರಿಸಬೇಕು. ಗಾಣದ ಕ್ಲಿಪ್‌ನಲ್ಲಿ ಎಂಜಿನ್ ಸದ್ದು ಕಿವಿಗೆ ಹೊಡೆಯುತ್ತದೆ, ಅದನ್ನ ಇಳಿಸಬೇಕು. ಫೈಲ್‌ಗಳಿಗೆ ಒಂದು ಎರಡು ಮೂರು ಅಂತ ಹೆಸರಿಟ್ಟಿಲ್ಲ. ಇಟ್ಟಿದ್ದರೆ ಸುಮ್ನೆ ನಂಬರ್ ನೋಡಿ ಜೋಡಿಸಿಬಿಡುತ್ತಿದ್ದರು, ಕ್ಲಿಪ್ ಓಡಿಸಿ ನೋಡುವ ಅಭ್ಯಾಸವೇ ಬರುತ್ತಿರಲಿಲ್ಲ.

ಫೋನಿಂದ ಬಂದ ಫೈಲ್‌ಗಳನ್ನು ಹಾಗೇ ಹಾಕಲಿಲ್ಲ. ನನ್ನ ಫೋನ್ ವಿಡಿಯೋವನ್ನು ಎಚ್ 265 ಅನ್ನೋ ರೀತಿಯಲ್ಲಿ ಕುಗ್ಗಿಸಿ ಉಳಿಸುತ್ತದೆ, ಜೊತೆಗೆ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋದು) ಒಂದೇ ಸಮ ಇರುವುದಿಲ್ಲ, ಬೆಳಕು ಕಡಿಮೆಯಾದಾಗ ಇಳಿಯುತ್ತದೆ. ಹಳೇ ಪ್ರೊಸೆಸರ್ ಇಂಥದ್ದನ್ನ ಬಿಡಿಸಿ ತೋರಿಸುವಷ್ಟರಲ್ಲಿ ಪ್ರಿವ್ಯೂ ನಿಂತು ನಿಂತು ಓಡುತ್ತದೆ, ಸದ್ದು ಚಿತ್ರ ಬೇರೆ ಬೇರೆಯಾಗುವುದೂ ಉಂಟು. ವಿಡಿಯೋ ಪರಿವರ್ತಿಸುವ ಎಫ್‌ಎಫ್‌ಎಂಪೆಗ್‌ನಲ್ಲಿ ಎಲ್ಲವನ್ನೂ 720 ಸಾಲು, ಸೆಕೆಂಡಿಗೆ 30 ಫ್ರೇಮ್ ಸ್ಥಿರ, ಬಿಡಿಸೋಕೆ ಹಗುರವಾದ ಎಚ್ 264 ಮಾಡಿದೆ. ಕೀ ಫ್ರೇಮ್‌ಗಳನ್ನು, ಅಂದರೆ ಪೂರ್ತಿ ಚಿತ್ರ ಉಳಿಸಿಕೊಂಡಿರುವ ಫ್ರೇಮ್‌ಗಳನ್ನು, 15 ಫ್ರೇಮ್‌ಗೊಂದರಂತೆ ಹತ್ತಿರ ಹತ್ತಿರ ಇಟ್ಟೆ. ಹಾಗೆ ಮಾಡಿದರೆ ಟೈಮ್‌ಲೈನ್ ಮೇಲೆ ಹಿಂದೆಮುಂದೆ ಎಳೆದಾಗ ಚಿತ್ರ ಬೇಗ ಬರುತ್ತದೆ. ಫೈಲ್ ಸ್ವಲ್ಪ ದೊಡ್ಡದಾಗುತ್ತದೆ, ಪರವಾಗಿಲ್ಲ. ಕಲಿಯುವವರು ಮುಂದೆ ತಮ್ಮದೇ ವಿಡಿಯೋ ಹಾಕುತ್ತಾರಲ್ಲ, ಅದಕ್ಕೆ ಅವರ ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲೇ ಎಚ್ 264ಕ್ಕೆ ಬದಲಾಯಿಸಿಕೊಟ್ಟೆ.

ಕೈ ಏನು ಮಾಡಿತು ಅಂತ ಪಾಠಕ್ಕೆ ಗೊತ್ತಾಗುವುದು ಹೇಗೆ

ಇಲ್ಲಿ ಓಪನ್‌ಶಾಟ್ ಬರೆದವರಿಗೆ ಕೈ ಮುಗಿಯಬೇಕು. ಪ್ರಾಜೆಕ್ಟ್‌ನಲ್ಲಿ ಆಗುವ ಪ್ರತಿ ಬದಲಾವಣೆಯೂ ಅಪ್‌ಡೇಟ್ ಮ್ಯಾನೇಜರ್ ಅನ್ನೋ ಒಂದೇ ಬಾಗಿಲಿಂದ ಹಾದುಹೋಗುತ್ತದೆ. ಅನ್‌ಡೂ ಕೆಲಸ ಮಾಡುವುದೂ ಅದರಿಂದಲೇ. ಆ ಬಾಗಿಲ ಹತ್ತಿರ ನಮ್ಮದೊಂದು ಸಣ್ಣ ಕೋಡ್ ತುಂಡನ್ನು ಕೇಳುಗನಾಗಿ ನಿಲ್ಲಿಸಬಹುದು. ಏನಾದರೂ ಬದಲಾದ ತಕ್ಷಣ ಅದಕ್ಕೆ ಸುದ್ದಿ ಬರುತ್ತದೆ: ಇದು ಇನ್ಸರ್ಟೋ, ಅಪ್‌ಡೇಟೋ, ಡಿಲೀಟೋ, ಮತ್ತು ಬದಲಾದದ್ದು ಫೈಲ್ಸ್‌ನಲ್ಲೋ ಕ್ಲಿಪ್ಸ್‌ನಲ್ಲೋ. ಫೈಲ್ಸ್‌ಗೆ ಇನ್ಸರ್ಟ್ ಬಂತು ಅಂದರೆ ವಿಡಿಯೋ ಒಳಗೆ ತಂದರು. ಕ್ಲಿಪ್ಸ್‌ಗೆ ಇನ್ಸರ್ಟ್ ಬಂತು ಅಂದರೆ ಟೈಮ್‌ಲೈನ್ ಮೇಲೆ ಕೂರಿಸಿದರು. ನೆಕ್ಸ್ಟ್ ಬಟನ್ ತೆಗೆದುಹಾಕೋಕೆ ಇಷ್ಟು ಸಾಕಿತ್ತು.

ಕತ್ತರಿಸುವ ಹೆಜ್ಜೆಗೆ ಮಾತ್ರ ಈ ಲೆಕ್ಕ ಸಾಲದು. ರೇಜರ್ ಟೂಲ್‌ನಿಂದ ಒಂದು ಕ್ಲಿಪ್ ತುಂಡು ಮಾಡಿದಾಗ ಒಂದು ಸುದ್ದಿ ಬರುವುದಿಲ್ಲ. ಹಳೇ ಕ್ಲಿಪ್‌ನ 'ಎಂಡ್' ಹಿಂದಕ್ಕೆ ಬಂತು ಅಂತ ಒಂದು ಅಪ್‌ಡೇಟ್, ಬಲಗಡೆಯ ತುಂಡು ಹೊಸ ಕ್ಲಿಪ್ ಆಗಿ ಹುಟ್ಟಿತು ಅಂತ ಒಂದು ಇನ್ಸರ್ಟ್. ಕೇಳುಗ ಮೊದಲನೆಯದನ್ನ ನೋಡಿ ತೀರ್ಮಾನ ಮಾಡಿದರೆ ಅರ್ಧ ಕೆಲಸಕ್ಕೇ ಶಹಬ್ಬಾಸ್ ಹೇಳಿಬಿಡುತ್ತದೆ. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಎಲ್ಲರೂ ರೇಜರನ್ನೇ ಬಳಸಬೇಕು ಅಂತ ಏನಿದೆ? ಕ್ಲಿಪ್‌ನ ಅಂಚು ಹಿಡಿದು ಒಳಕ್ಕೆ ಎಳೆದರೂ ಆ ನೆಲದ ಭಾಗ ಹೋಗುತ್ತದೆ. ಕೆಲಸ ಆದ ಮೇಲೆ 'ನೀವು ಹೇಳಿದ ಹಾಗೆ ಮಾಡಲಿಲ್ಲ' ಅಂತ ತಡೆಯೋದು ನ್ಯಾಯ ಅಲ್ಲ.

ಹಾಗಾಗಿ ಸುದ್ದಿಯನ್ನು ನಂಬುವುದು ಬಿಟ್ಟು ಸ್ಥಿತಿಯನ್ನು ನೋಡುವ ಹಾಗೆ ಬದಲಾಯಿಸಿದೆ. ಯಾವ ಸುದ್ದಿ ಬಂದರೂ ಪಾಠ ಮಾಡುವುದು ಒಂದೇ: 300 ಮಿಲಿಸೆಕೆಂಡ್ ಕಾಯುತ್ತದೆ, ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂದರೆ ಮತ್ತೆ ಮೊದಲಿಂದ ಕಾಯುತ್ತದೆ, ಎಲ್ಲ ತಣ್ಣಗಾದ ಮೇಲೆ ಇಡೀ ಟೈಮ್‌ಲೈನ್ ಓದುತ್ತದೆ. ಪ್ರತಿ ಕ್ಲಿಪ್‌ಗೂ ಪೊಸಿಷನ್, ಸ್ಟಾರ್ಟ್, ಎಂಡ್ ಅಂತ ಮೂರು ಬೆಲೆ ಇರುತ್ತವೆ, ಮೂರೂ ಸೆಕೆಂಡ್‌ನಲ್ಲಿ. ಪೊಸಿಷನ್ ಅಂದರೆ ಟೈಮ್‌ಲೈನ್ ಮೇಲೆ ಎಲ್ಲಿ ಕೂತಿದೆ ಅನ್ನೋದು. ಸ್ಟಾರ್ಟ್ ಎಂಡ್ ಅಂದರೆ ಮೂಲ ವಿಡಿಯೋದ ಎಲ್ಲಿಂದ ಎಲ್ಲಿಯವರೆಗೆ ತೋರಿಸಬೇಕು ಅನ್ನೋದು. ಕೊಪ್ಪರಿಗೆ ಕ್ಲಿಪ್‌ನ ಸ್ಟಾರ್ಟ್ 3.5ರಿಂದ 6ರ ಒಳಗೆ ಬಂದಿದ್ದರೆ ಸರಿ. ಇನ್ನೂ 0ಯಲ್ಲೇ ಇರುವ ತುಂಡು ಉಳಿದಿದ್ದರೆ 'ಕತ್ತರಿಸಿದ್ದೀರಿ, ಈಗ ಎಡಗಡೆಯ ತುಂಡು ಆರಿಸಿ ಡಿಲೀಟ್ ಒತ್ತಿ'. 6 ದಾಟಿದ್ದರೆ 'ಒಳ್ಳೇ ಭಾಗವೂ ಸ್ವಲ್ಪ ಹೋಗಿದೆ, ಕಂಟ್ರೋಲ್ ಝಡ್ ಒತ್ತಿ ಮತ್ತೆ ನೋಡಿ'. ಯಾವ ದಾರಿಯಲ್ಲಿ ಬಂದರೂ ಸರಿ, ಊರು ಸೇರಿದರೆ ಆಯಿತು.

ಕ್ರಮ ಜೋಡಿಸುವ ಹೆಜ್ಜೆಗೂ ಇದೇ. ಕ್ಲಿಪ್‌ಗಳನ್ನು ಪೊಸಿಷನ್ ಪ್ರಕಾರ ಸಾಲಾಗಿ ನಿಲ್ಲಿಸಿ, ಯಾವ ಫೈಲಿಂದ ಬಂದದ್ದು ಅಂತ ನೋಡಿ, ಕಬ್ಬಿಂದ ಬೆಲ್ಲದವರೆಗೆ ಸರಿ ಇದೆಯಾ ಅಂತ ಹೋಲಿಸುತ್ತದೆ. ಇಲ್ಲಿ ಎರಡು ವಿಷಯ ಗಮನಿಸಬೇಕು. ಒಂದು, ಹೊಸ ಪ್ರಾಜೆಕ್ಟ್‌ನಲ್ಲಿ ಐದು ಟ್ರ್ಯಾಕ್ ಇರುತ್ತವೆ, ಒಳಗೆ ಅವುಗಳ ಸಂಖ್ಯೆ 1000000ದಿಂದ 5000000ವರೆಗೆ. ಹೊಸಬರು ಕ್ಲಿಪ್‌ಗಳನ್ನು ಬೇರೆ ಬೇರೆ ಟ್ರ್ಯಾಕ್‌ಗೆ ಬಿಡುತ್ತಾರೆ, ಅದು ತಪ್ಪಲ್ಲ. ಆದರೆ ಮೇಲಿನ ಟ್ರ್ಯಾಕ್‌ನ ಚಿತ್ರ ಕೆಳಗಿನದನ್ನು ಮುಚ್ಚುತ್ತದೆ. ಕ್ರಮ ಸರಿ ಇದ್ದರೂ ಎರಡು ಕ್ಲಿಪ್ ಒಂದೇ ಸಮಯದಲ್ಲಿ ಒಂದು ಸೆಕೆಂಡಿಗಿಂತ ಜಾಸ್ತಿ ಮೇಲೆ ಕೆಳಗೆ ಬಂದಿದ್ದರೆ ಪಾಠ ಅದನ್ನ ಹೇಳುತ್ತದೆ. ಎರಡು, ಒಂದೇ ಟ್ರ್ಯಾಕ್‌ನಲ್ಲಿ ಕ್ಲಿಪ್ ಸ್ವಲ್ಪ ಒಂದರ ಮೇಲೊಂದು ಬಂದರೆ ಓಪನ್‌ಶಾಟ್ ತಾನಾಗೇ ಟ್ರಾನ್ಸಿಷನ್, ಅಂದರೆ ಒಂದು ಚಿತ್ರ ಇನ್ನೊಂದಕ್ಕೆ ನಿಧಾನವಾಗಿ ಬದಲಾಗುವ ಜೋಡಣೆ, ಹಾಕಿಬಿಡುತ್ತದೆ. ಕೇಳದೇ ಬಂದ ಆ ನೀಲಿ ಪಟ್ಟಿ ನೋಡಿ ಹೊಸಬರು ಗಾಬರಿಯಾಗುತ್ತಾರೆ. ಅದಕ್ಕೆ, ಟ್ರಾನ್ಸಿಷನ್ ಹುಟ್ಟಿದ್ದು ಕಂಡರೆ 'ಹೆದರಬೇಡಿ, ಎರಡು ಕ್ಲಿಪ್ ತಾಗಿದ್ದರಿಂದ ಬಂತು, ಬೇಡವೆಂದರೆ ಆರಿಸಿ ಅಳಿಸಿ' ಅಂತ ಒಂದು ಸಾಲು ಬರುತ್ತದೆ. ಕೋಡ್ ಬರೆಯುವವರಿಗೆ ಒಂದು ಸೂಚನೆ: ಟ್ರಾನ್ಸಿಷನ್‌ಗಳು ಪ್ರಾಜೆಕ್ಟ್ ಫೈಲ್‌ನಲ್ಲಿ 'ಎಫೆಕ್ಟ್ಸ್' ಅನ್ನೋ ಹೆಸರಿನ ಕೆಳಗಿರುತ್ತವೆ. ಟ್ರಾನ್ಸಿಷನ್ಸ್ ಅಂತ ಹುಡುಕಿದರೆ ಸಿಗಲ್ಲ.

ಸದ್ದಿನ ಹೆಜ್ಜೆ ಸುಲಭ. ವಾಲ್ಯೂಮ್ ಒಂದು ಕೀಫ್ರೇಮ್ (ಮೇಲೆ ಹೇಳಿದ ಕೀ ಫ್ರೇಮ್ ಅಲ್ಲ, ಯಾವ ಫ್ರೇಮ್‌ನಲ್ಲಿ ಎಷ್ಟು ಅಂತ ಹೇಳುವ ಬೆಲೆ), ಪೂರ್ತಿ ಸದ್ದು ಅಂದರೆ 1. ಗಾಣದ ಕ್ಲಿಪ್‌ನಲ್ಲಿ ಅದು 0.5ಕ್ಕಿಂತ ಕೆಳಗೆ ಬಂದರೆ ಪಾಸ್.

ಬಾಣ ಕೂರಿಸುವ ಕಷ್ಟ

ಬಟನ್‌ಗೆ, ಪ್ಯಾನೆಲ್‌ಗೆ ಬಾಣ ತೋರಿಸುವುದು ಸುಲಭ, ಹೆಸರು ಕೊಟ್ಟರೆ ಕ್ಯೂಟಿ ಜಾಗ ಹೇಳುತ್ತದೆ. ಆದರೆ ನನಗೆ ಬೇಕಾಗಿದ್ದು 'ಈ ಕ್ಲಿಪ್‌ನ ಈ ಅಂಚು' ಅಂತ ತೋರಿಸುವ ಬಾಣ. ನಾನು ತೆಗೆದುಕೊಂಡ ಆವೃತ್ತಿಯಲ್ಲಿ ಟೈಮ್‌ಲೈನ್ ಕ್ಯೂಟಿಯ ಭಾಗವೇ ಅಲ್ಲ. ಅದು ಕಿಟಕಿಯೊಳಗಿನ ಒಂದು ವೆಬ್ ಪುಟ, ಕ್ಲಿಪ್‌ಗಳೆಲ್ಲ ಅದರೊಳಗಿನ ಎಚ್‌ಟಿಎಂಎಲ್ ತುಂಡುಗಳು. ಹೊರಗಿನ ಪೈಥಾನ್‌ಗೆ ಅವು ಕಾಣಿಸುವುದಿಲ್ಲ.

ಲೆಕ್ಕ ಹಾಕಿ ಕಂಡುಹಿಡಿಯಬಹುದು. ಟೈಮ್‌ಲೈನ್ ಅಳತೆ ಪ್ರಾಜೆಕ್ಟ್‌ನಲ್ಲೇ ಇದೆ, ಹೊಸದಾಗಿ ತೆರೆದಾಗ 15 ಸೆಕೆಂಡಿಗೆ 100 ಪಿಕ್ಸೆಲ್. ಆದರೆ ಝೂಮ್ ಮಾಡಿದರೆ, ಸ್ಕ್ರಾಲ್ ಮಾಡಿದರೆ, ಟ್ರ್ಯಾಕ್ ಹೆಸರಿನ ಅಗಲ ಸೇರಿಸಿದರೆ, ಲೆಕ್ಕ ಜಾರುತ್ತಾ ಹೋಗುತ್ತದೆ. ಅದರ ಬದಲು ಪುಟವನ್ನೇ ಕೇಳುವುದು ಒಳ್ಳೇದು. ಪ್ರತಿ ಕ್ಲಿಪ್‌ಗೂ ಪುಟದೊಳಗೆ ತನ್ನದೇ ಐಡಿ ಇದೆ. ಆ ಐಡಿ ಹಿಡಿದು ಒಂದು ಸಾಲು ಜಾವಾಸ್ಕ್ರಿಪ್ಟ್ ಕಳಿಸಿದರೆ ಅದರ ಚೌಕದ ಅಳತೆ ವಾಪಸ್ ಬರುತ್ತದೆ. ಉತ್ತರ ತಕ್ಷಣ ಬರುವುದಿಲ್ಲ, ಸ್ವಲ್ಪ ಹೊತ್ತಾದ ಮೇಲೆ ಬರುತ್ತದೆ. ಅಷ್ಟರಲ್ಲಿ ಪೆಟ್ಟಿಗೆ ಹಳೇ ಜಾಗದಲ್ಲಿ ಕಾಣಿಸಿ ಆಮೇಲೆ ಹಾರಿದರೆ ಕಣ್ಣಿಗೆ ಕಿರಿಕಿರಿ. ಉತ್ತರ ಬರುವವರೆಗೂ ಪೆಟ್ಟಿಗೆಯನ್ನು ಮರೆಯಲ್ಲಿಟ್ಟು, ಬಂದ ಮೇಲೆ ಒಂದೇ ಸಲ ತೋರಿಸುವ ಹಾಗೆ ಮಾಡಿದೆ. ಮೌಸ್ ಒತ್ತಿ ಎಳೆಯುತ್ತಿರುವಾಗ ಬಾಣ ಪೂರ್ತಿ ಮಾಯ. ಎಳೆಯುವವರ ದಾರಿಗೆ ಅಡ್ಡ ಬರಬಾರದು ಅಲ್ವಾ.

ಕನ್ನಡ ಅಕ್ಷರ

ಬರಹ ಕನ್ನಡ ಮಾಡಿದ ತಕ್ಷಣ ಪೆಟ್ಟಿಗೆಯ ಕೊನೆಯ ಸಾಲಿನ ಒತ್ತಕ್ಷರಗಳು ಅರ್ಧ ಕತ್ತರಿಸಿಹೋದವು. 'ಒತ್ತಿ' ಅನ್ನೋದರ ತಾವತ್ತು ಕಾಣುತ್ತಿರಲಿಲ್ಲ. ಅಳತೆಯೆಲ್ಲ ಇಂಗ್ಲಿಷ್ ಅಕ್ಷರಕ್ಕೆ ಹೊಂದಿಸಿದ್ದು, ನಮ್ಮ ಲಿಪಿ ಕೆಳಕ್ಕೆ ಇಳಿಯುತ್ತದೆ. ಸಾಲಿನ ಅಂತರ ಹೆಚ್ಚಿಸಿ, ಬರಹ ಎಷ್ಟು ಎತ್ತರ ಬೇಕು ಅನ್ನುತ್ತದೋ ಅಷ್ಟಕ್ಕೆ ಪೆಟ್ಟಿಗೆ ಬೆಳೆಯುವ ಹಾಗೆ ಮಾಡಿದೆ. ಫಾಂಟ್ ಇಲ್ಲದ ಯಂತ್ರದಲ್ಲಿ ಬರೀ ಚೌಕಗಳು ಬರುತ್ತವೆ. ಅದಕ್ಕೆ ನೋಟೋ ಸ್ಯಾನ್ಸ್ ಕನ್ನಡವನ್ನು ಪಾಠದ ಜೊತೆಗೇ ಇಟ್ಟು, ಶುರುವಾಗುವಾಗಲೇ ಲೋಡ್ ಮಾಡುತ್ತೇನೆ. ಅದರ ಲೈಸೆನ್ಸ್ ಹಾಗೆ ಜೊತೆಗಿಟ್ಟು ಹಂಚೋಕೆ ಬಿಡುತ್ತದೆ.

ಮೆನುಗಳನ್ನ ಇಂಗ್ಲಿಷ್‌ನಲ್ಲೇ ಬಿಟ್ಟೆ. ಮುಂದೆ ಇವರು ಬೇರೆ ಪಾಠ ನೋಡಿದರೆ ಅಲ್ಲೆಲ್ಲ ಇಂಗ್ಲಿಷ್ ಮೆನುವೇ ಇರುತ್ತದೆ. ಬಾಣ ತೋರಿಸುವಾಗ ಓದುವ ಕಷ್ಟ ಹೇಗೂ ಕಡಿಮೆ.

ಟೈಟಲ್ ಹಾಕುವ ಹೆಜ್ಜೆಯಲ್ಲಿ ನಮ್ಮೂರಿನದೇ ಒಂದು ತೊಂದರೆ ಇದೆ. ಸಂಘದ ಬರಹವೆಲ್ಲ ಡಿಟಿಪಿ ಅಂಗಡಿಯಲ್ಲಿ ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಆಗಿರುವುದು. ಅದನ್ನ ನಕಲು ಮಾಡಿ ಓಪನ್‌ಶಾಟ್ ಟೈಟಲ್‌ಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಬರುತ್ತದೆ. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿಕೊಂಡಿರುವುದರಿಂದ ಹೀಗಾಗುತ್ತದೆ. ಟೈಟಲ್ ಉಳಿಯುವುದು ಎಸ್‌ವಿಜಿ ಫೈಲ್ ಆಗಿ, ಅಂದರೆ ತೆರೆದು ಓದಬಹುದಾದ ಬರಹ. ಪಾಠ ಆ ಫೈಲ್ ಓದಿ, ಯೂನಿಕೋಡ್ ಕನ್ನಡದ ಅಕ್ಷರ ಒಂದೂ ಇಲ್ಲದಿದ್ದರೆ 'ಇದು ನುಡಿ ಬರಹ ಇರಬಹುದು, ಯೂನಿಕೋಡ್‌ಗೆ ಬದಲಾಯಿಸಿ ಅಂಟಿಸಿ ಅಥವಾ ಇಲ್ಲೇ ಟೈಪ್ ಮಾಡಿ' ಅಂತ ಹೇಳುತ್ತದೆ. ಈ ಒಂದು ಸಾಲಿನಿಂದ ನನಗೆ ಬರುವ ಫೋನ್ ಕರೆಗಳು ಬಹಳ ಕಡಿಮೆಯಾಗಿವೆ.

ಎಷ್ಟು ಮುಚ್ಚಿಡಬೇಕು

1984ರಲ್ಲಿ ಐಬಿಎಂನ ಜಾನ್ ಕ್ಯಾರಲ್ ಮತ್ತು ಕ್ಯಾರೊಲೈನ್ ಕ್ಯಾರಿಥರ್ಸ್ ಒಂದು ಪ್ರಯೋಗದ ಬಗ್ಗೆ ಬರೆದಿದ್ದರು. ವರ್ಡ್ ಪ್ರೊಸೆಸರ್ ಕಲಿಯುವವರಿಗೆ ಹೊಸಬರು ಸಾಮಾನ್ಯವಾಗಿ ಎಡವುವ ಆಯ್ಕೆಗಳನ್ನು ತಡೆದಿಟ್ಟ ಒಂದು ಆವೃತ್ತಿ ಕೊಟ್ಟರು. ಒತ್ತಿದರೆ 'ಇದು ಈಗ ಸಿಗುವುದಿಲ್ಲ' ಅನ್ನುತ್ತದೆ, ಅಷ್ಟೇ, ಬೇರೇನೂ ಕೆಡುವುದಿಲ್ಲ. ಸೈಕಲ್ ಕಲಿಯುವ ಮಕ್ಕಳಿಗೆ ಹಾಕುವ ಪಕ್ಕದ ಪುಟ್ಟ ಚಕ್ರಗಳ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ಆ ಆವೃತ್ತಿಯಲ್ಲಿ ಕಲಿತವರು ಬೇಗ ಕೆಲಸ ಶುರು ಮಾಡಿದರು, ತಪ್ಪಿನಿಂದ ಹೊರಬರೋಕೆ ಕಳೆದ ಸಮಯ ಕಡಿಮೆಯಾಯಿತು. ಇಷ್ಟು ಹಳೇ ವಿಚಾರ ಇವತ್ತಿನ ಎಡಿಟರ್‌ಗಳಲ್ಲಿ ಇಷ್ಟು ಕಡಿಮೆ ಕಾಣುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ನಾನು ಅದನ್ನ ಅರ್ಧ ತೆಗೆದುಕೊಂಡೆ. ಪಾಠ ನಡೆಯುವಾಗ ಎಫೆಕ್ಟ್ಸ್, ಎಮೋಜಿ ಪ್ಯಾನೆಲ್‌ಗಳು ಕಾಣುವುದಿಲ್ಲ. ಟೈಟಲ್ ಮೆನು ಅದರ ಸರದಿ ಬಂದಾಗ ತೆರೆದುಕೊಳ್ಳುತ್ತದೆ. ಆದರೆ ಡಿಲೀಟ್ ಮತ್ತು ಅನ್‌ಡೂ ಎರಡನ್ನೂ ಮೊದಲಿಂದ ಕೊನೆಯವರೆಗೂ ಬಿಟ್ಟಿದ್ದೇನೆ. ಕಾರಣ, ಸಂಘದ ಒಬ್ಬರು ಮೌಸ್ ಹಿಡಿದು ಮೊದಲು ಕೇಳಿದ ಪ್ರಶ್ನೆ: 'ಇಲ್ಲಿ ಅಳಿಸಿದ್ರೆ ಫೋನಲ್ಲಿರೋದೂ ಹೊಂಟೋಯ್ತದಾ ಅಣ್ಣ?' ಈ ಭಯ ಇರುವವರೆಗೂ ಕೈ ಆಡುವುದಿಲ್ಲ.

ಅದಕ್ಕೇ ಮೂರನೇ ಹೆಜ್ಜೆಯಲ್ಲೇ, ಇನ್ನೂ ಕತ್ತರಿಸೋಕೂ ಮುಂಚೆ, ಪಾಠ ಹೇಳುತ್ತದೆ: ಟೈಮ್‌ಲೈನ್ ಮೇಲಿರುವ ಕ್ಲಿಪ್ ಅಳಿಸಿ. ಅಳಿಸಿದ ಮೇಲೆ, ಈಗ ಕಂಟ್ರೋಲ್ ಝಡ್ ಒತ್ತಿ. ವಾಪಸ್ ಬಂದ ಮೇಲೆ, ಫೋಲ್ಡರ್ ತೆರೆದು ಮೂಲ ಫೈಲ್ ನೋಡಿ, ಹಾಗೇ ಇದೆ. ಎಡಿಟರ್ ಮೂಲ ವಿಡಿಯೋವನ್ನು ಮುಟ್ಟುವುದೇ ಇಲ್ಲ, ಎಲ್ಲಿಂದ ಎಲ್ಲಿಯವರೆಗೆ ತೋರಿಸಬೇಕು ಅಂತ ಪ್ರಾಜೆಕ್ಟ್ ಫೈಲ್‌ನಲ್ಲಿ ಬರೆದುಕೊಳ್ಳುತ್ತದೆ ಅಷ್ಟೇ. ಇದನ್ನ ಬಾಯಲ್ಲಿ ಹೇಳಿದಾಗ ತಲೆ ಆಡಿಸಿದವರು, ಕೈಯಲ್ಲಿ ಮಾಡಿ ನೋಡಿದ ಮೇಲೆ ಧೈರ್ಯವಾಗಿ ಕತ್ತರಿಸೋಕೆ ಶುರು ಮಾಡಿದರು.

ಇದರ ಇನ್ನೊಂದು ಮುಖವೂ ಇದೆ. ಪ್ರಾಜೆಕ್ಟ್ ಫೈಲ್‌ನಲ್ಲಿ ವಿಡಿಯೋ ಇಲ್ಲ, ವಿಡಿಯೋ ಎಲ್ಲಿದೆ ಅನ್ನೋ ದಾರಿ ಮಾತ್ರ ಇದೆ. ಪೆನ್‌ಡ್ರೈವ್‌ಗೆ ಅದೊಂದನ್ನೇ ಹಾಕಿಕೊಂಡು ಬೇರೆ ಕಡೆ ತೆರೆದರೆ ಫೈಲ್ ಸಿಗುತ್ತಿಲ್ಲ ಅನ್ನುತ್ತದೆ. ಉಳಿಸುವ ಹೆಜ್ಜೆಯಲ್ಲಿ ಪಾಠ ಜಾಗ ನೋಡುತ್ತದೆ. ಪ್ರಾಜೆಕ್ಟ್ ಫೈಲ್ ಕ್ಲಿಪ್‌ಗಳಿರುವ ಫೋಲ್ಡರ್‌ನಲ್ಲೇ ಉಳಿದರೆ ಮಾತ್ರ ಮುಂದೆ. ಓಪನ್‌ಶಾಟ್ ಉಳಿಸುವಾಗ ದಾರಿಗಳನ್ನು ಪ್ರಾಜೆಕ್ಟ್ ಇರುವ ಜಾಗದಿಂದ ಲೆಕ್ಕ ಹಾಕಿ ಬರೆಯುತ್ತದೆ, ಹಾಗಾಗಿ ಇಡೀ ಫೋಲ್ಡರ್ ನಕಲು ಮಾಡಿದರೆ ಎಲ್ಲಿ ಬೇಕಾದರೂ ತೆರೆಯುತ್ತದೆ.

ಮಂಡ್ಯದಲ್ಲಿ ಕೂರಿಸಿ ನೋಡಿದಾಗ

ಮೊದಲ ತಡೆ ಟಚ್‌ಪ್ಯಾಡ್. ಒಂದು ಬೆರಳಲ್ಲಿ ಒತ್ತಿ ಹಿಡಿದು, ಇನ್ನೊಂದರಲ್ಲಿ ಸ್ಕ್ರೀನ್‌ನ ಈ ತುದಿಯಿಂದ ಆ ತುದಿಗೆ ಎಳೆಯುವುದು, ಕೈ ಕೂರದವರಿಗೆ ನಿಜವಾಗಿಯೂ ಕಷ್ಟ. ಸಾದಾ ಮೌಸ್ ಒಂದನ್ನ ತಂದುಕೊಟ್ಟೆ. ಮತ್ತೆ, ಫೈಲ್ ಮೇಲೆ ಬಲ ಕ್ಲಿಕ್ ಮಾಡಿದರೆ ಟೈಮ್‌ಲೈನ್‌ಗೆ ಸೇರಿಸುವ ಆಯ್ಕೆ ಇದೆ, ಅದನ್ನ ಎರಡನೇ ದಾರಿಯಾಗಿ ಬರಹದಲ್ಲಿ ಸೇರಿಸಿದೆ. ಪಾಠ ಸ್ಥಿತಿ ನೋಡುವುದರಿಂದ ಕೋಡ್‌ನಲ್ಲಿ ಏನೂ ಬದಲಾಯಿಸಬೇಕಾಗಲಿಲ್ಲ.

ಎರಡನೆಯದು ಸುಳಿವು ಎಷ್ಟು ಹೊತ್ತಿಗೆ ಕೊಡಬೇಕು ಅನ್ನೋದು. ಯಾವ ಬದಲಾವಣೆಯೂ ಇಲ್ಲದೆ 20 ಸೆಕೆಂಡ್ ಕಳೆದರೆ ಬಾಣ ಮಿನುಗುತ್ತದೆ, 40 ಆದರೆ ವಿವರ ಇನ್ನೂ ಬಿಡಿಸಿ ಬರುತ್ತದೆ. 'ನೀನೇ ಮಾಡಿಬಿಡು' ಅನ್ನೋ ಬಟನ್ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಆದರೆ ಕ್ರಮದ ಹೆಜ್ಜೆಯಲ್ಲಿ 20 ಸೆಕೆಂಡ್ ತೀರಾ ಕಡಿಮೆ. ಅತ್ತಿಗೆ ಐದೂ ಕ್ಲಿಪ್ ಕೂರಿಸಿ, ಸ್ಪೇಸ್ ಒತ್ತಿ, ಗಲ್ಲಕ್ಕೆ ಕೈ ಕೊಟ್ಟು ಮೊದಲಿಂದ ನೋಡುತ್ತಾ ಕೂತರು. 'ಅಯ್ಯೋ, ಹಾಲು ಕುದಿದ್ಮೇಲೆ ಕಬ್ಬು ಇಳಿಸ್ತಾ ಅವ್ರಲ್ಲಪ್ಪ!' ಅಂತ ತಾವೇ ನಕ್ಕು, ತಾವೇ ಎಳೆದು ಸರಿ ಮಾಡಿದರು. ಪಾಠ ಒಂದು ಮಾತೂ ಆಡಿರಲಿಲ್ಲ. ಅವತ್ತೇ ಆ ಹೆಜ್ಜೆಯ ಸುಳಿವನ್ನು 90 ಸೆಕೆಂಡಿಗೆ ತಳ್ಳಿದೆ, ಪ್ರಿವ್ಯೂ ಓಡುತ್ತಿರುವಾಗ ಆ ಗಡಿಯಾರ ನಿಂತಿರುತ್ತದೆ.

ಮದ್ದೂರಿನ ಕಡೆಯ ಒಬ್ಬ ಸ್ಟುಡಿಯೋ ಹುಡುಗನೂ ಕೂತು ನೋಡಿದ. ಅವನು ಮದುವೆ ವಿಡಿಯೋ ಎಡಿಟ್ ಮಾಡುವವನು, ಕೀಬೋರ್ಡ್ ಮೇಲೇ ಕೈ ಓಡುತ್ತದೆ. ಪೆಟ್ಟಿಗೆ ಓದದೆಯೇ ಕೊನೆಯವರೆಗೂ ಹೋದ. ಗೊತ್ತಿರುವವರನ್ನು ಪಾಠ ಹಿಡಿದು ನಿಲ್ಲಿಸುವುದಿಲ್ಲ ಅಂತ ಖಾತ್ರಿಯಾಯಿತು. ಅವನು ಕೊಟ್ಟ ಒಂದು ಸಲಹೆ ತಕ್ಷಣ ಸೇರಿಸಿದೆ: ಎಕ್ಸ್‌ಪೋರ್ಟ್ ಹೆಜ್ಜೆಗೆ ಮುಂಚೆ ಕಣ್ಣು ಮುಚ್ಚಿಕೊಂಡು ಒಂದು ಸಲ ಸದ್ದು ಮಾತ್ರ ಕೇಳಿಸುವುದು. ಇದನ್ನ ಕೋಡ್ ಪರೀಕ್ಷೆ ಮಾಡೋಕೆ ಆಗಲ್ಲ. ಪ್ರಿವ್ಯೂ ಮೊದಲಿಂದ ಕೊನೆಯವರೆಗೆ ಓಡಿತಾ ಅಂತ ಮಾತ್ರ ನೋಡುತ್ತದೆ, ಉಳಿದದ್ದು ಅವರ ಕಿವಿಗೆ ಬಿಟ್ಟದ್ದು.

ಸದ್ಯಕ್ಕೆ

ಪಾಠ ಶುರುವಾದಾಗಲೆಲ್ಲ ಕ್ಲಿಪ್‌ಗಳ ಹೊಸ ನಕಲು 'ಅಭ್ಯಾಸ' ಅನ್ನೋ ಫೋಲ್ಡರ್‌ಗೆ ಬರುತ್ತದೆ, ಹಾಗಾಗಿ ಎಷ್ಟು ಜನ ಎಷ್ಟು ಸಲ ಕೂತರೂ ಹೊಸದಾಗಿಯೇ ಇರುತ್ತದೆ. ಬದಲಾಯಿಸಿದ ಪ್ರತಿ ಕೊಟ್ಟಾಗ ಅದರ ಮೂಲ ಕೋಡ್ ಕೂಡ ಕೊಡಬೇಕು ಅನ್ನೋದು ಲೈಸೆನ್ಸ್ ಷರತ್ತು. ಪೆನ್‌ಡ್ರೈವ್‌ನಲ್ಲಿ ಎರಡನ್ನೂ ಒಟ್ಟಿಗೇ ಹಾಕಿ ಕೊಡುತ್ತಿದ್ದೇನೆ. ಇಲ್ಲಿಯವರೆಗೆ ಮಾಡಿರುವುದು ಲಿನಕ್ಸ್‌ಗೆ ಮಾತ್ರ, ವಿಂಡೋಸ್‌ಗೆ ಪ್ಯಾಕೇಜ್ ಕಟ್ಟುವ ಕೆಲಸ ಬಾಕಿ ಇದೆ. ಪೆಟ್ಟಿಗೆಯ ಬರಹವನ್ನು ಧ್ವನಿಯಲ್ಲೂ ಕೇಳಿಸಬೇಕು, ಸಂಘದಲ್ಲಿ ಕೆಲವರಿಗೆ ಸ್ಕ್ರೀನ್ ಮೇಲೆ ಓದುವುದು ನಿಧಾನ.

ಎರಡನೇ ಪಾಠ ವಾಯ್ಸ್‌ಓವರ್ ಬಗ್ಗೆ. ಮುದ್ದೆ ತೊಳಸುವುದನ್ನ ತಾವೇ ಶೂಟ್ ಮಾಡಿಕೊಡುತ್ತೇನೆ ಅಂತ ಅತ್ತಿಗೆ ಒಪ್ಪಿದ್ದಾರೆ. ತೊಳಸುವಾಗ ಎರಡೂ ಕೈ ಕೆಲಸದಲ್ಲಿರುತ್ತವೆ, ಉಸಿರು ಏರಿರುತ್ತದೆ, ಮಾತಾಡೋಕೆ ಆಗಲ್ಲ. ಆದ್ದರಿಂದ ಮಾತನ್ನ ಆಮೇಲೆ ಬೇರೆಯಾಗಿ ಹೇಳಿ ಕೂರಿಸಲೇಬೇಕು. ಅದಕ್ಕೆ ಪಾಠ ನೋಡಬೇಕಾದ್ದು ಎರಡು: ಬರೀ ಆಡಿಯೋ ಇರುವ ಕ್ಲಿಪ್ ಬೇರೆ ಟ್ರ್ಯಾಕ್‌ನಲ್ಲಿ ಕೂತಿದೆಯಾ, ಅದು ಇರುವಷ್ಟು ಹೊತ್ತು ಕೆಳಗಿನ ಕ್ಲಿಪ್‌ನ ವಾಲ್ಯೂಮ್ ಇಳಿದಿದೆಯಾ. ಮೊದಲನೆಯದು ಬರೆದಾಗಿದೆ. ಎರಡನೆಯದರಲ್ಲಿ ವಾಲ್ಯೂಮ್ ಕೀಫ್ರೇಮ್‌ಗಳು ಸೆಕೆಂಡ್ ಬಿಟ್ಟು ಫ್ರೇಮ್ ಲೆಕ್ಕದಲ್ಲಿ ಇರುವುದರಿಂದ, ಕ್ಲಿಪ್‌ನ ಸೆಕೆಂಡನ್ನು 30ರಿಂದ ಗುಣಿಸಿ ಹೊಂದಿಸುವ ಭಾಗವನ್ನು ಈಗ ಬರೆಯುತ್ತಿದ್ದೇನೆ.